ಸುಡುವುದೂ ಉರಿಯುವುದೂ

ಕನ್ನಡದಲ್ಲಿ ದೀಪವೂ ಉರಿಯುತ್ತದೆ, ಕಣ್ಣೂ ಉರಿಯುತ್ತದೆ. ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸೆಂದು ಹೇಳುವ ಗೃಹಿಣಿಯೇ ಹಸಿಮೆಣಸಿನಕಾಯಿ ಹೆಚ್ಚಿದ ಮೇಲೆ ಕೈ ಉರಿಯೆಂದು ನೀರಿನ ಬಳಿಗೆ ಧಾವಿಸುವಳು. ಅಜೀರ್ಣದವನಿಗೆ ಎದೆಯುರಿ, ನೆರೆಯವನ ಏಳಿಗೆಯನ್ನು ಸಹಿಸದವನಿಗೆ ಹೊಟ್ಟೆಯುರಿ. ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ತಂದವರು, ಗಾಯವು ಕೆಂಪೇರಿ ಬಾತುಕೊಂಡ ಸ್ಥಿತಿಯನ್ನು ಹೇಳಬೇಕಾಗಿ ಬಂದಾಗ, ಉರಿಯನ್ನೂ ಊತವನ್ನೂ ಸಂಧಿಮಾಡಿ ಉರಿಯೂತವೆಂದು ಹೆಸರಿಟ್ಟರು. ಇವೆಲ್ಲವೂ ಬೆಂಕಿಯಿಂದ ಎರವಲಾಗಿ ಬಂದ ಆಲಂಕಾರಿಕ ಪ್ರಯೋಗಗಳೆಂದು ಭಾವಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ.

ರಾಮನಗರದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿ, ಬೆಂದ ಗೂಡುಗಳಿಂದ ಎಳೆಯ ತುದಿಯನ್ನು ಹುಡುಕಿ ತೆಗೆಯುವುದಕ್ಕಾಗಿ ಬಿಸಿನೀರಿನ ತೊಟ್ಟಿಯೊಳಗೆ ಮುಂಜಾನೆಯಿಂದ ಬೆರಳಾಡಿಸುತ್ತ ಕುಳಿತವರ ಮಾತನ್ನು ಗಮನಿಸಿದರೆ ಒಂದು ಸೂಕ್ಷ್ಮ ವಿವೇಕವು ಗೋಚರಿಸುತ್ತದೆ. ಅವರು ನೀರು ಸುಡುತ್ತದೆ ಎನ್ನುವರು. ಕೈ ಉರಿಯುತ್ತದೆ ಎನ್ನುವರು. ನೀರು ಉರಿಯುತ್ತದೆ ಎಂದು ಯಾರೂ ಅನ್ನರು. ಸುಡುವ ಕ್ರಿಯೆಗೆ ಕರ್ತೃವಾದದ್ದು ಹೊರಗಿನ ವಸ್ತು. ಉರಿಯುವ ಕ್ರಿಯೆಗಾದರೋ ಕರ್ತೃ ನಮ್ಮ ಅವಯವವೇ. ತೊಟ್ಟಿಯಿಂದ ಕೈ ತೆಗೆದು, ನೀರಿನ ಸಂಪರ್ಕವೇ ಇಲ್ಲವಾಗಿ, ರಾತ್ರಿ ಮಲಗಿದ ಮೇಲೆಯೂ ಉರಿಯು ಮುಂದುವರಿಯಬಹುದು. ಆಗ ಸುಡು ಎಂಬ ಮಾತಿಗೆ ಅಲ್ಲಿ ಕೆಲಸವಿಲ್ಲ.

ಜ್ವರದ ವಿಷಯದಲ್ಲಿ ಈ ಭೇದವು ಇನ್ನೂ ಸ್ಫುಟವಾಗುವುದು. ಮಗುವಿನ ಹಣೆಯನ್ನು ಮುಟ್ಟಿದ ತಾಯಿ ಮೈ ಸುಡುತ್ತಿದೆ ಎನ್ನುತ್ತಾಳೆ. ಅದೇ ಕ್ಷಣದಲ್ಲಿ ಮಗುವು ಚಳಿಯೆಂದು ನಡುಗುತ್ತ ಕಂಬಳಿಯನ್ನು ಬೇಡುತ್ತದೆ. ಮಿದುಳು ತನ್ನ ಉಷ್ಣದ ಗುರಿಯನ್ನು ಮೇಲಕ್ಕೇರಿಸಿಕೊಂಡಿರುವುದರಿಂದ ಕಾದ ದೇಹವೂ ಅದಕ್ಕೆ ತಣ್ಣಗಾಗಿ ತೋರುತ್ತದೆ. ಇಬ್ಬರ ಮಾತೂ ಸತ್ಯವೇ. (ಕನಕಪುರ, ಮಾಗಡಿಗಳ ಹುಳುಮನೆಗಳಲ್ಲಿ ರೇಷ್ಮೆಹುಳುವು ಮೇವು ಬಿಟ್ಟು, ತಲೆಯೆತ್ತಿ, ನಿಶ್ಚಲವಾಗಿ ಪೊರೆ ಕಳಚುವ ಅವಸ್ಥೆಗೂ ಜ್ವರವೆಂದೇ ಹೆಸರು, ಹುಳುವು ಗೂಡು ಕಟ್ಟುವುದಕ್ಕೆ ಮುನ್ನ ನಾಲ್ಕು ಜ್ವರಗಳನ್ನು ದಾಟಬೇಕು. ಮೈ ಕಾಯದ ಜೀವಿಗೆ ಈ ಹೆಸರನ್ನಿತ್ತ ರೈತನು ನೋಡಿದ್ದು ರೋಗಿಯ ಚರ್ಯೆಯನ್ನು.)

ಸುಡುವುದು ಏನೊಂದೂ ಇಲ್ಲದೆ ಉರಿಯು ಹುಟ್ಟಬಲ್ಲುದೆ? 1896ರಲ್ಲಿ ಸ್ವೀಡನ್ನಿನ ಶರೀರಶಾಸ್ತ್ರಜ್ಞ ಥುನ್‌ಬರ್ಗ್ ವರ್ಣಿಸಿದ ಒಂದು ಪ್ರಯೋಗವು ಇದಕ್ಕೆ ಉತ್ತರ. ಹಿತವಾಗಿ ಬೆಚ್ಚಗಿರುವ, ಅಂದರೆ ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿನ ಸರಳುಗಳನ್ನೂ, ಸುಮಾರು 20 ಡಿಗ್ರಿಯ ತಂಪಾದ ಸರಳುಗಳನ್ನೂ ಒಂದು ಬಿಟ್ಟೊಂದರಂತೆ ಜೋಡಿಸಿ, ಅವುಗಳ ಮೇಲೆ ಅಂಗೈಯನ್ನಿರಿಸಿದರೆ, ಬಿಡಿಬಿಡಿಯಾಗಿ ಮುಟ್ಟಿದಾಗ ಯಾವ ಬಾಧೆಯನ್ನೂ ಕೊಡದ ಆ ಸರಳುಗಳೇ ಒಟ್ಟಾಗಿ ಅನೇಕರಲ್ಲಿ ಬೆಂಕಿ ತಗುಲಿದಂಥ ವೇದನೆಯನ್ನುಂಟುಮಾಡುತ್ತವೆ. ಚರ್ಮಕ್ಕೆ ಲವಲೇಶದ ಹಾನಿಯೂ ಆಗಿರದು. 1994ರಲ್ಲಿ ಕ್ರೇಗ್ ಮತ್ತು ಬುಷ್ನೆಲ್ ಎಂಬ ವಿಜ್ಞಾನಿಗಳು ಕೊಟ್ಟ ವಿವರಣೆ ಹೀಗಿದೆ: ತಂಪು ತಗುಲಿದಾಗ ಬೆನ್ನುಹುರಿಗೆ ಎರಡು ವಾರ್ತೆಗಳು ಹೋಗುತ್ತವೆ, ಒಂದು ಕೇವಲ ತಂಪನ್ನು ಸಾರುವುದು, ಇನ್ನೊಂದು ವೇದನೆಯನ್ನು ಸಾರಬಲ್ಲದ್ದು, ಸಾಮಾನ್ಯವಾಗಿ ಮೊದಲನೆಯದು ಎರಡನೆಯದನ್ನು ಅಡಗಿಸಿರುತ್ತದೆ, ಪಕ್ಕದ ಬೆಚ್ಚನೆಯ ಸರಳು ಆ ಮೊದಲನೆಯದನ್ನು ಕುಗ್ಗಿಸಿದೊಡನೆ, ಅಡಗಿದ್ದದ್ದು ಪ್ರಕಟವಾಗುವುದು. ಭ್ರಾಂತಿಯೆಂದು ಇದನ್ನು ಕರೆಯುತ್ತಾರೆ. ಸರಳುಗಳ ಕುರಿತು ಅದು ಭ್ರಾಂತಿ. ಕೈಯ ಕುರಿತು ಹಾಗೆನ್ನಲು ನನಗೆ ಮನಸ್ಸು ಒಪ್ಪದು.

ಮೆಣಸಿನಕಾಯಿಯ ಉರಿಯೂ ಇದಕ್ಕೆ ಸಮೀಪವಾದದ್ದು. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು, ಮೆಣಸಿನಕಾಯಿಯ ಸಾರವಾದ ಕ್ಯಾಪ್ಸೈಸಿನ್ ಹಾಗೂ ಸುಮಾರು 43 ಡಿಗ್ರಿಯನ್ನು ಮೀರಿದ ತಾಪ ಇವೆರಡೂ ನರತಂತುವಿನ ಒಂದೇ ದ್ವಾರವನ್ನು ತೆರೆಯುತ್ತವೆಂದು ತೋರಿಸಿದರು. ಪುದೀನದ ಮೆಂಥಾಲಿಗೂ ತಂಪಿಗೂ ಹೀಗೆಯೇ ಸಮಾನವಾದ ಬೇರೊಂದು ದ್ವಾರವಿದೆ. ಇಂಥ ಶೋಧಗಳಿಗಾಗಿ 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಎಂಬ ಇನ್ನೊಬ್ಬ ವಿಜ್ಞಾನಿಗೆ ಸಂದಿತು. ಮೆಣಸಿನಕಾಯಿ ಪೋರ್ಚುಗೀಸರ ಕಾಲಕ್ಕೆ ಸಮುದ್ರ ದಾಟಿ ಬಂದ ಅತಿಥಿ. ಉರಿ ಎಂಬ ಮಾತೋ ಅದಕ್ಕಿಂತ ಎಷ್ಟೋ ಹಳೆಯದು. ಆದರೂ ಆ ಮಾತು ಈ ಹೊಸಬನಿಗೆ ಅನಾಯಾಸವಾಗಿ ಒಪ್ಪಿತು, ಏಕೆಂದರೆ ತಾಪವನ್ನೂ ಮೆಣಸಿನಕಾಯಿಯನ್ನೂ ಒಳಗೆ ಬಿಡುವ ಬಾಗಿಲು ದೇಹದಲ್ಲಿ ಮೊದಲೇ ಇದ್ದಿತು. ಖಾರ ಹತ್ತಿದ ಕೈಯನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿದವರಿಗೆ ಗೊತ್ತು, ಆ ನೀರು ಕುದಿನೀರಾಗಿ ತೋರುವುದು. ಕ್ಯಾಪ್ಸೈಸಿನ್ ಆ ದ್ವಾರ ತೆರೆಯುವ ತಾಪದ ಮಟ್ಟವನ್ನು ಕೆಳಗಿಳಿಸಿರುತ್ತದೆ. ಅದು ನೀರಿನಲ್ಲಿ ಕರಗದ ಪದಾರ್ಥವಾದುದರಿಂದ ಎಷ್ಟು ತೊಳೆದರೂ ಹೋಗದು. ಎಣ್ಣೆ ಸವರಿದರೆ ಬಿಡುತ್ತದೆ.

ಉರಿಯೂತವೂ ಆ ದ್ವಾರ ತೆರೆಯುವ ತಾಪದ ಮಟ್ಟವನ್ನು ಹೀಗೆಯೇ ಇಳಿಸುತ್ತದೆ. ನೀರಿನಲ್ಲಿ ನೆನೆದು ಸವೆದು ಬಿರಿದ ಬೆರಳುಗಳ ಬಿಚ್ಚಾಣಿಕೆಯ ಹೆಂಗಸಿಗೆ, ರಾತ್ರಿ ಊಟಕ್ಕೆ ಕುಳಿತಾಗ ಬಿಸಿಬಿಸಿ ರಾಗಿಮುದ್ದೆಯನ್ನು ಮುರಿದು ಖಾರದ ಸಾರಿನಲ್ಲಿ ಅದ್ದುವುದೇ ದುಸ್ತರವಾಗುವುದಾದರೆ, ಮುಟ್ಟಿ ನೋಡಿ ಇದೇನೂ ಅಷ್ಟು ಬಿಸಿಯಿಲ್ಲವಲ್ಲ ಎಂದು ಹೇಳುವವನು ಮುದ್ದೆಯ ವಿಚಾರ ಹೇಳಿದನೇ ಹೊರತು ಅವಳ ಕೈಯ ವಿಚಾರವನ್ನಲ್ಲ. ಸಕ್ಕರೆಕಾಯಿಲೆಯಿಂದ ನರಗಳು ಕೆಟ್ಟವರು, ಮುಟ್ಟಿದರೆ ತಣ್ಣಗಿರುವ ಅಂಗಾಲುಗಳನ್ನು ತೋರಿಸಿ ಉರಿ ಉರಿ ಎಂದು ರಾತ್ರಿಯೆಲ್ಲ ಸಂಕಟಪಡುತ್ತಾರೆ. ಮನೆಯವರು ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವುದನ್ನು ಕೇಳಿದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಉರಿ ಎಂಬುದಕ್ಕೆ ಎದುರಾಗಿ ನಮ್ಮಲ್ಲಿರುವ ಕ್ರಿಯಾಪದ ಆರು ಎಂಬುದು. ದೀಪ ಆರುತ್ತದೆ, ಅನ್ನ ಆರುತ್ತದೆ, ಗಾಯ ಆರುತ್ತದೆ. ಈಗಿನ ವೈದ್ಯರು ಇಂಥ ಅಂಗಾಲುರಿಗೆ ಪ್ರಬಲವಾದ ಕ್ಯಾಪ್ಸೈಸಿನ್ ಪಟ್ಟಿಯನ್ನೇ ಅಂಟಿಸುವುದುಂಟು. ಮೊದಲು ಅದು ಉರಿಸುತ್ತದೆ, ಬಳಿಕ ನರತಂತುವಿನ ತುದಿಗಳು ಮಂಕಾಗಿ ಕೆಲವು ತಿಂಗಳ ಕಾಲ ಸುಮ್ಮನಿರುತ್ತವೆ. ಎಲ್ಲರಿಗೂ ಇದು ಫಲಿಸದು. ಫಲಿಸಿದವರಿಗೆ, ಆ ತಂತುಗಳು ಮತ್ತೆ ಬೆಳೆಯುವವರೆಗೆ, ಉರಿ ಆರಿರುತ್ತದೆ.