ಕುಲುಮೆಯೂ ಗರಡಿಯೂ

ಕಳೆದ ಬೇಸಗೆ ರಜೆಯಲ್ಲಿ ತಮ್ಮನ ಮಗ ಬಂಟ್ವಾಳದ ನಮ್ಮ ಮನೆಗೆ ಬಂದಿದ್ದ. ಇಡೀ ದಿನ ಮೊಬೈಲಿನಲ್ಲಿ ಒಂದೇ ಆಟ. ಆಟದೊಳಗಿನ ವೀರ ಕಾಡುಮೇಡು ಅಲೆದು, ಕಾಳಗ ಮಾಡುತ್ತ, ಹಂತಹಂತವಾಗಿ ಮೇಲೇರಬೇಕು. ಏರಿದ ಹಾಗೆ ಸಿಗುವ ಅಂಕಗಳನ್ನು ಕತ್ತಿವರಸೆಗೂ ಹಾಕಬಹುದು, ಆಯುಧ ಮಾಡುವ ಕಸಬಿಗೂ ಹಾಕಬಹುದು. ಒಂದು ಸಂಜೆ ಹುಡುಗ ಮುಖ ಸಪ್ಪಗೆ ಮಾಡಿ ಕುಳಿತಿದ್ದ. "ಎಲ್ಲ ಅಂಕವನ್ನೂ ಕಾಳಗಕ್ಕೇ ಹಾಕಿದೆ ಅತ್ತೆ. ಈಗ ಕತ್ತಿ ಮುರಿದಿದೆ. ಸರಿ ಮಾಡ್ಲಿಕ್ಕೆ ನನ್ನ ವೀರನಿಗೆ ಗೊತ್ತಿಲ್ಲ" ಎಂದ.

ನಾನು ನಕ್ಕುಬಿಟ್ಟೆ. ಆದರೆ ರಾತ್ರಿ ಮಲಗಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ ನಾನೂ ಅಂಕವನ್ನೆಲ್ಲ ಕಾಳಗಕ್ಕೇ ಹಾಕಿದವಳಲ್ಲವೇ?

ನಮ್ಮ ಅಪ್ಪ ಕಮ್ಮಾರರು. ಮಳೆ ಹಿಡಿಯುವ ಮುಂಚೆ ಅವರ ಕುಲುಮೆಯೆದುರು ನೇಗಿಲ ಗುಳ, ಹಾರೆ, ಪಿಕ್ಕಾಸು, ಹುಲ್ಲು ಕೊಯ್ಯುವ ಕತ್ತಿಗಳ ರಾಶಿ ಬೀಳುತ್ತಿತ್ತು. ನೇಮದ ದಿನ ಹತ್ತಿರ ಬಂದಾಗ ದೈವಸ್ಥಾನದ ಕತ್ತಿಯೂ ಬರುತ್ತಿತ್ತು. ಅಂದು ಅಪ್ಪ ಮಿಂದು ಬಂದೇ ಕುಲುಮೆಗೆ ಕೂರುವುದು. ಕಾದ ಕಬ್ಬಿಣವನ್ನು ನೀರಿಗದ್ದಿ ಹದ ಕೊಡುವಾಗ ಅವರ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ. ಹದ ಹೆಚ್ಚಾದರೆ ಅಲಗು ಮುರಿಯುತ್ತದೆ, ಕಡಿಮೆಯಾದರೆ ಬಾಗುತ್ತದೆ. ಗುಳಕ್ಕಾದರೂ ಬಾಳಿಗಾದರೂ ನಿಯಮ ಒಂದೇ.

ನಮ್ಮ ತುಳುನಾಡಿನ ವೀರರನ್ನು ನೋಡಿದರೂ ಇದೇ ಮಾತು. ಬಂಟ್ವಾಳ, ಬೆಳ್ತಂಗಡಿ ಸೀಮೆಯಲ್ಲಿ ಕೋಟಿ ಚೆನ್ನಯರ ಗರಡಿಗಳು ಎಷ್ಟೋ ಇವೆ. ಗರಡಿಯೆಂದರೆ ಮೂಲತಃ ಅಂಗಸಾಧನೆಯ ಜಾಗ. ಅಲ್ಲಿ ಸುರಿಯ ಹಿಡಿದು ನಿಂತ ಆ ಅವಳಿ ಸಹೋದರರನ್ನು ಕಂಡವರಿಗೆ ಅವರು ಬೇಸಾಯಗಾರರೆಂಬುದು ಮರೆತುಹೋಗುತ್ತದೆ. ಪಾಡ್ದನದಲ್ಲಿ ತಾಯಿ ದೇಯಿ ಬೈದೆತಿ ಗಿಡಮೂಲಿಕೆಯ ಮದ್ದು ಬಲ್ಲವಳು. ಪಡುಮಲೆಯ ಬಲ್ಲಾಳನ ಕಾಲಿನ ಗಾಯವನ್ನು ಮಾಗಿಸಿದ್ದು ಅವಳ ಕಸಬು, ಯಾರ ಕತ್ತಿಯೂ ಅಲ್ಲ. ಮಕ್ಕಳು ದೊಡ್ಡವರಾಗಿ ಗದ್ದೆ ಉತ್ತರು. ಬುದ್ಯಂತನೊಡನೆ ಜಗಳ ಹುಟ್ಟಿದ್ದು ಗದ್ದೆಯ ಕೆಲಸದಲ್ಲಿ, ನೀರಿನ ವಿಷಯದಲ್ಲಿ. ಅವನನ್ನು ಕೊಂದ ಮೇಲೆ ಉತ್ತ ನೆಲವನ್ನೇ ಬಿಟ್ಟು ಹೊರಡಬೇಕಾಯಿತು. ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಮಡಿದರು. ಅನ್ಯಾಯದೆದುರು ಅವರು ಸುರಿಯ ಎತ್ತಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಸುರಿಯ ಎತ್ತಿದ ಕೈಗೆ ನೇಗಿಲು ಮತ್ತೆ ಸಿಗಲಿಲ್ಲ ಎಂಬುದನ್ನು ತರಗತಿಯಲ್ಲಿ ನಾನು ಹೇಳಿದ್ದೇ ಇಲ್ಲ.

ಇದಕ್ಕೆ ಎದುರಾದ ಕತೆ ಬೆಳ್ತಂಗಡಿ ತಾಲೂಕಿನ ವೇಣೂರಿನದು. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಬೀರ ಕಲ್ಕುಡನು ಬೇರೆಲ್ಲೂ ಅಂಥದನ್ನು ಕೆತ್ತಬಾರದೆಂದು ಅಲ್ಲಿನ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನೆಂದೂ, ಉಳಿದ ಕೈಯಲ್ಲೇ ಅವನು ವೇಣೂರಿನ ಮೂರ್ತಿಯನ್ನು ಕೆತ್ತಿದನೆಂದೂ ಪಾಡ್ದನ ಹೇಳುತ್ತದೆ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಲಾರ. ಹಾಗಾಗಿ ಇದು ಬರೀ ಕತೆ ಎಂದು ಹೇಳಿ ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಈಗ ಅನಿಸುತ್ತದೆ, ವರ್ಷಗಳ ಲೆಕ್ಕ ತಪ್ಪಿರಬಹುದು, ಅದರೊಳಗಿನ ಭಯ ತಪ್ಪಲ್ಲ. ಕಸಬಿನಲ್ಲಿ ಎಷ್ಟು ಮೇಲೇರಿದರೂ ತನ್ನನ್ನು ಕಾಯುವ ತೋಳ್ಬಲವಿಲ್ಲದವನ ಭಯ ಅದು. ವೇಣೂರಿನ ಅರಸ ತಿಮ್ಮಣ್ಣ ಅಜಿಲನಿಗೂ ಈ ಭಯ ಇತ್ತೆಂದು ಕಾಣುತ್ತದೆ. ಕಾರ್ಕಳದವರು ಮೂರ್ತಿಯನ್ನು ಬಯಸಿ ದಂಡೆತ್ತಿ ಬಂದಾಗ ಅದನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟು, ಕಾದಾಡಿ ಗೆದ್ದ ಮೇಲೆ ನಿಲ್ಲಿಸಿದನೆಂದು ಪ್ರತೀತಿ. ಆ 35 ಅಡಿಯ ಮೂರ್ತಿಗೆ ಉಳಿಯೂ ಬೇಕಾಯಿತು, ಕತ್ತಿಯೂ ಬೇಕಾಯಿತು.

ವೇಣೂರಿನಿಂದ ಮೂಡುಬಿದಿರೆಗೆ ದೂರವೇನಿಲ್ಲ. ಅಲ್ಲಿನ ಚೌಟರ ಅರಮನೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಹೇಳುತ್ತಿದ್ದುದು ಆ ವಂಶದ ಅಬ್ಬಕ್ಕ ಪೋರ್ಚುಗೀಸರೊಡನೆ ಹೋರಾಡಿದ ಕತೆ. ಅದು ಹೇಳಲೇಬೇಕಾದ ಕತೆ. ಆದರೆ ಆ ಜಗಳದ ಹಿಂದೆ ಇದ್ದುದು ನಮ್ಮ ಕಾಳುಮೆಣಸು, ನಮ್ಮ ಅಕ್ಕಿ, ಅವನ್ನು ಹೊತ್ತು ಅರಬರ ನಾಡಿಗೆ ಹೋಗುತ್ತಿದ್ದ ಹಡಗುಗಳು. ಬೆಳೆಯುವವರೂ ಹಡಗು ಕಟ್ಟುವವರೂ ಇಲ್ಲದಿದ್ದರೆ ರಾಣಿಗೆ ಕಾಯುವುದಕ್ಕೆ ಏನಿರುತ್ತಿತ್ತು? ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರ, ಪಂಚನಾರೀತುರಗ ಇವೆ. ಒಂಬತ್ತು ಹೆಂಗಸರು ಸೇರಿ ಆನೆ, ಐವರು ಸೇರಿ ಕುದುರೆ. ದಂಡಿನ ಆನೆ ಕುದುರೆ ಮಣ್ಣಾದವು. ಬಡಗಿ ಕೆತ್ತಿದವು ಈಗಲೂ ನಿಂತಿವೆ. ಎಷ್ಟೋ ಸಲ ನಾನು ಅವುಗಳ ಮುಂದೆ ನಿಂತೇ ಯುದ್ಧದ ಇಸವಿಗಳನ್ನು ಬರೆಸಿದ್ದೇನೆ.

ಇನ್ನೊಂದು ಮಾತು ಹೇಳಬೇಕು. ಬಿ.ಎಡ್.ಗೆ ಅರ್ಜಿ ಹಾಕುವಾಗ ತಂದೆಯ ಉದ್ಯೋಗ ಎಂಬಲ್ಲಿ ನಾನು 'ಕೃಷಿ' ಎಂದು ಬರೆದಿದ್ದೆ. ಜೊತೆಯವರೆದುರು ಕಮ್ಮಾರನ ಮಗಳೆನ್ನಲು ನಾಚಿಕೆ. ಸಹಿ ಹಾಕುವಾಗ ಅಪ್ಪ ಅದನ್ನು ಓದಿದರು. ಏನೂ ಅನ್ನಲಿಲ್ಲ. ಸಹಿ ಹಾಕಿ, ಮಸಿ ಕೈ ತಾಗದ ಹಾಗೆ ಕಾಗದದ ತುದಿ ಹಿಡಿದು ಕೊಟ್ಟರು.

ಅಪ್ಪ ಹೋಗಿ ವರ್ಷಗಳಾದವು, ಕುಲುಮೆಯೂ ಇಲ್ಲ. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ಹಳೆಯ ಬಳಕೆಯ ವಸ್ತುಗಳನ್ನು ಕೂಡಿಸಿಟ್ಟಿದ್ದಾರೆ. ಈ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆ. ರಾಣಿಯ ಹೆಸರಿನ ಮನೆಯಲ್ಲಿ ಬೇಸಾಯದ, ಅಡಿಗೆಯ ಸಾಮಾನುಗಳಿರುವುದು ಸರಿಯೆಂದೇ ನನಗೆ ಕಂಡಿತು. ಮರಳಿ ಬಂದ ಮೇಲೆ, ನಿಮ್ಮ ಅಜ್ಜ ಅಜ್ಜಿಯರ ಕೈಗೆ ಯಾವ ಕೆಲಸ ಗೊತ್ತಿತ್ತು ಎಂಬುದನ್ನು ಒಂದು ಪುಟ ಬರೆದು ತನ್ನಿ ಎಂದೆ. ಮೊದಲ ಪುಟವನ್ನು ಕರಿಹಲಗೆಯ ಮೇಲೆ ನಾನೇ ಬರೆದೆ. ನನ್ನ ಅಪ್ಪ ಕಮ್ಮಾರರಾಗಿದ್ದರು ಎಂದು ಅದು ಶುರುವಾಗುತ್ತದೆ.