ಕಾವೇರಿ ಕರೆಂಟು ಕೋಲಾರ ಮುಟ್ಟಿದ ಲೆಕ್ಕ

(1/5)
ಕೆಜಿಎಫ್ ಅಂದ್ರೆ ಸಿನಿಮಾ ಮಾತ್ರ ನೆನಪಾಗೋರು ಇದನ್ನ ಪೂರ್ತಿ ಓದಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರ ಆಗಸ್ಟ್ 5ಕ್ಕೆ. ಅದಕ್ಕೂ ಮೂರು ವರ್ಷ ಮೊದಲೇ, 1902ರ ಜೂನ್ 30ಕ್ಕೆ, ಶಿವನಸಮುದ್ರದ ಕಾವೇರಿ ಕರೆಂಟು ಕೋಲಾರದ ಚಿನ್ನದ ಗಣಿ ಸೇರಿತ್ತು. ದೂರ ಸುಮಾರು 147 ಕಿ.ಮೀ. ಆ ಕಾಲಕ್ಕೆ ಇದು ಎಷ್ಟು ದೊಡ್ಡ ಮಾತು ಗೊತ್ತಾ? 1896ರಲ್ಲಿ ನಯಾಗರಾ ಜಲಪಾತದಿಂದ ಬಫಲೋ ಊರಿಗೆ ಕರೆಂಟು ಕೊಟ್ಟಾಗ ಇಡೀ ಜಗತ್ತು ಬೆರಗಾಗಿತ್ತು. ಅದು ಬರೀ 42 ಕಿ.ಮೀ. ಜರ್ಮನಿಯಲ್ಲಿ 1891ರಲ್ಲಿ 175 ಕಿ.ಮೀ. ಕಳಿಸಿದ್ದರು ನಿಜ, ಆದ್ರೆ ಅದು ಒಂದು ವಸ್ತುಪ್ರದರ್ಶನಕ್ಕೆ ಹಾಕಿದ ಲೈನು.

ಹಾಗಾದ್ರೆ ಮೈಸೂರು ಸಂಸ್ಥಾನ ಯಾವ ಧೈರ್ಯದ ಮೇಲೆ ದುಡ್ಡು ಹಾಕ್ತು? ಉತ್ತರ ನಾವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಉರು ಹೊಡೆದು ಮರೆತ ಎರಡು ಸೂತ್ರದಲ್ಲಿದೆ.

(2/5)
ಮೊದಲನೇ ಸೂತ್ರ ಒಬ್ಬ ಹೈಸ್ಕೂಲ್ ಮೇಷ್ಟ್ರದು. ಗೇಯಾರ್ಗ್ ಓಮ್, ಜರ್ಮನಿಯ ಕಲೋನ್ ಊರಲ್ಲಿ ಗಣಿತ, ಭೌತಶಾಸ್ತ್ರ ಹೇಳಿಕೊಡ್ತಿದ್ದರು. ಬೇರೆ ಬೇರೆ ಉದ್ದದ ತಂತಿ ಹಾಕಿ ಕರೆಂಟು ಎಷ್ಟು ಕಮ್ಮಿ ಆಗುತ್ತೆ ಅಂತ ಅಳೆಯೋಕೆ ಹೊರಟರು. ಆಗಿನ ಬ್ಯಾಟರಿಗಳ ಕಥೆ ಕೇಳ್ಬೇಡಿ, ಅಳೀತಾ ಇರೋ ಹಾಗೇ ಇಳಿದುಹೋಗ್ತಿದ್ದವು. ಅದಕ್ಕೆ ತಾಮ್ರ, ಬಿಸ್ಮತ್ ಎರಡು ಲೋಹ ಜೋಡಿಸಿ, ಒಂದು ತುದಿ ಕುದಿಯೋ ನೀರಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ ಇಟ್ಟರು. ಬಿಸಿ-ತಂಪಿನ ವ್ಯತ್ಯಾಸ ಬದಲಾಗಲ್ಲ, ಹಾಗಾಗಿ ವೋಲ್ಟೇಜೂ ಅಲುಗಾಡಲ್ಲ. ಎಂಥಾ ತಲೆ ನೋಡಿ!

1827ರಲ್ಲಿ ಪುಸ್ತಕ ಬಂತು. ನಾವು ಇವತ್ತು ಬರೆಯೋ ರೀತಿ: ವೋಲ್ಟೇಜನ್ನ ಕರೆಂಟಿನಿಂದ ಭಾಗಿಸಿದ್ರೆ ರೋಧ. ಅವರ ಊರಲ್ಲಿ ಯಾರೂ ಅಷ್ಟಾಗಿ ಕ್ಯಾರೇ ಅನ್ನಲಿಲ್ಲ, ಮೇಷ್ಟ್ರು ಕೆಲಸವನ್ನೇ ಬಿಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ, ಹದಿನಾಲ್ಕು ವರ್ಷ ಆದಮೇಲೆ.

(3/5)
ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜೌಲ್. ಮನೆಯವರದು ಬಿಯರ್ ತಯಾರಿಸೋ ಬಿಸಿನೆಸ್ಸು (ಕಾಮರ್ಸ್ ಬಳಗದವರು ಖುಷಿಪಡಿ). ತಂತಿಯಲ್ಲಿ ಹುಟ್ಟೋ ಬಿಸಿ, ಕರೆಂಟಿನ ವರ್ಗವನ್ನ ರೋಧದಿಂದ ಗುಣಿಸಿದ ಲೆಕ್ಕದಲ್ಲಿ ಏರುತ್ತೆ ಅಂತ ತೋರಿಸಿದರು. ಕರೆಂಟು ಎರಡು ಪಟ್ಟಾದ್ರೆ ಬಿಸಿ ನಾಲ್ಕು ಪಟ್ಟು.

ಮನೆಯ ಉದಾಹರಣೆ: 1500 ವ್ಯಾಟ್ ಕೆಟಲ್, 230 ವೋಲ್ಟ್. ಪವರ್ ಅಂದ್ರೆ ವೋಲ್ಟೇಜ್ × ಕರೆಂಟ್, ಹಾಗಾಗಿ ಕರೆಂಟ್ 1500 ÷ 230, ಸುಮಾರು 6.5 ಆಂಪ್. ರೋಧ 230 ÷ 6.5, ಸುಮಾರು 35 ಓಮ್. ಹಾಸ್ಟೆಲ್ಲಿನ 6 ಆಂಪ್ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇದನ್ನ ಸಿಕ್ಕಿಸಿದ್ರೆ ಪ್ಲಗ್ ಯಾಕೆ ಬಿಸಿಯಾಗುತ್ತೆ ಅಂತ ಈಗ ಗೊತ್ತಾಯ್ತಲ್ಲ.

(4/5)
ಈಗ ಶಿವನಸಮುದ್ರ. ಗಣಿಗೆ ಬೇಕಿದ್ದಿದ್ದು ಸುಮಾರು 4 ಸಾವಿರ ಅಶ್ವಶಕ್ತಿ. ಒಂದಕ್ಕೆ 746 ವ್ಯಾಟ್, ಅಂದ್ರೆ ಹೆಚ್ಚುಕಮ್ಮಿ 30 ಲಕ್ಷ ವ್ಯಾಟ್. ನಿಜವಾದ ಲೈನು ಮೂರು ಫೇಸಿಂದು, ಅದರ ಲೆಕ್ಕ ಇನ್ನೂ ಸ್ವಲ್ಪ ಬೇರೆ. ಅರ್ಥ ಆಗ್ಲಿ ಅಂತ ಒಂದೇ ಜೋಡಿ ತಂತಿ, ಅದರ ರೋಧ 30 ಓಮ್ ಅಂತ ನಾನೇ ಇಟ್ಕೊಂಡಿದ್ದೀನಿ.

3 ಸಾವಿರ ವೋಲ್ಟಲ್ಲಿ ಕಳಿಸೋಣ. ಕರೆಂಟ್ ಸಾವಿರ ಆಂಪ್ ಬೇಕು. ತಂತಿಯಲ್ಲಿ ನಷ್ಟ: 1000 × 1000 × 30 = 3 ಕೋಟಿ ವ್ಯಾಟ್. ಹುಟ್ಟಿಸಿದ್ದೇ 30 ಲಕ್ಷ, ದಾರಿಯ ಸುಂಕ 3 ಕೋಟಿ! ಆಗೋ ಹೋಗೋ ಮಾತೇ ಅಲ್ಲ.

ಅದನ್ನೇ 30 ಸಾವಿರ ವೋಲ್ಟಿಗೆ ಏರಿಸಿ. ಕರೆಂಟ್ ಬರೀ 100 ಆಂಪ್. ನಷ್ಟ: 100 × 100 × 30 = 3 ಲಕ್ಷ ವ್ಯಾಟ್. ಹತ್ತು ಪರ್ಸೆಂಟ್. ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ನಾರ್ಮಲ್ ಲಾಸ್ ಅಂತ ಬರೆದು ಮುಂದೆ ಹೋಗ್ತೀವಲ್ಲ, ಅಷ್ಟು.

ತಂತಿ ದಪ್ಪ ಮಾಡಿ ರೋಧ ಇಳಿಸಬಹುದಲ್ಲ ಅಂತೀರಾ? ನಷ್ಟ ನೂರನೇ ಒಂದು ಭಾಗಕ್ಕೆ ಬರಬೇಕಂದ್ರೆ ತಾಮ್ರ ನೂರು ಪಟ್ಟು ಬೇಕು. ಆ ತಾಮ್ರದ ಬಿಲ್ಲಿಗೆ ಗಣಿಯ ಚಿನ್ನಾನೇ ಮಾರಬೇಕಿತ್ತೇನೋ. ಕಾವೇರಿ ಲೈನು ಓಡಿದ್ದು 30 ಸಾವಿರ ವೋಲ್ಟಿನ ಆಸುಪಾಸಿನಲ್ಲಿ. ನಯಾಗರಾದ್ದು 11 ಸಾವಿರ.

(5/5)
ಈ ಯೋಜನೆಯ ಬೆನ್ನಿಗೆ ನಿಂತಿದ್ದು ದಿವಾನ್ ಶೇಷಾದ್ರಿ ಅಯ್ಯರ್. ಇಂಜಿನಿಯರ್ ಜೋಲಿ ಡಿ ಲೋಟ್ಬಿನಿಯರ್. ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ನನಗೆ ಇಷ್ಟವಾಗಿದ್ದು ಕೆಲಸದ ಕ್ರಮ: ಕೊಳ್ಳೋ ಗಿರಾಕಿಯನ್ನ ಮೊದಲು ಹಿಡಿದರು. ಕೋಲಾರದ ಗಣಿಗಳು ಅಲ್ಲೀವರೆಗೆ ಸ್ಟೀಮ್ ಇಂಜಿನ್ನಿಗೆ ಕಲ್ಲಿದ್ದಲು, ಸೌದೆ ಸುಡ್ತಿದ್ದವು, ಆ ಖರ್ಚು ವರ್ಷ ವರ್ಷವೂ ತಪ್ಪುತ್ತಿರಲಿಲ್ಲ. ನದಿಗೆ ಯಾರೂ ಬಿಲ್ ಕಳಿಸಲ್ಲ. ಗಣಿ ನೋಡಿಕೊಳ್ತಿದ್ದ ಜಾನ್ ಟೇಲರ್ ಕಂಪನಿಯವರಿಗೆ ಈ ಲೆಕ್ಕ ಒಪ್ಪಿಗೆಯಾಯ್ತು. ದೀಪಕ್ಕಿಂತ ಮೊದಲು ಗಣಿಗೆ ಕರೆಂಟು ಹೋಗಿದ್ದು ಅದಕ್ಕೇ. ಬೆಂಗಳೂರಿನವರು ಮೂರು ವರ್ಷ ಕಾದಿದ್ದು ನ್ಯಾಯವಾ ಅಂತ ಕೇಳಿದ್ರೆ, ಗಿರಾಕಿ ಇಲ್ಲದೆ ಹೋಗಿದ್ರೆ ಇನ್ನೂ ಎಷ್ಟು ವರ್ಷ ಕಾಯಬೇಕಿತ್ತೋ ಅಂತೀನಿ ನಾನು.

ಶೇಷಾದ್ರಿ ಅಯ್ಯರ್ ಅವರು ಆ ಸ್ವಿಚ್ ಹಾಕಿದ್ದನ್ನ ನೋಡಲಿಲ್ಲ. 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಶಿವನಸಮುದ್ರದ ವಿದ್ಯುದಾಗಾರ ಈಗ್ಲೂ ಅವರ ಹೆಸರಲ್ಲೇ ಇದೆ, ಕರೆಂಟೂ ಕೊಡ್ತಿದೆ.

#ಶಿವನಸಮುದ್ರ #ಕೆಜಿಎಫ್ #ನಮ್ಮಇತಿಹಾಸ