ನಮ್ಮ ಅಂಗಳದ ತುಳಸಿ ಕಟ್ಟಿ

ನಾನು ಹಾಡಾಂವ, ಬರಿಯಾಂವ ಅಲ್ಲ. ಕಲತದ್ದು ಏಳನೇತ್ತೆ. ವಾಚನಾಲಯದ ಹುಡುಗರು “ಕಾಕಾ, ಊರ ಇತಿಹಾಸ ಬರೀರಿ” ಅಂದಾಗ, ರಾಜರ ಕತಿ ನನಗ ಬರೂದಿಲ್ಲ, ನಮ್ಮ ತುಳಸಿ ಕಟ್ಟಿ ಕತಿ ಬರೀತೇನಿ ಅಂದೆ. ಅದೂ ಇತಿಹಾಸನ.

ನಮ್ಮ ದತ್ತವಾಡ ದೂಧಗಂಗಾ ದಂಡಿ ಮ್ಯಾಲಿನ ಊರು. 1956ರಾಗ ರಾಜ್ಯಗಳ ವಿಂಗಡಣಿ ಆಗಿ ಬೆಳಗಾವಿ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿತು, ನಾವು ಮುಂಬಯಿ ರಾಜ್ಯದಾಗ ಉಳದಿವಿ. 1960ರ ಮೇ 1ಕ್ಕ ಮಹಾರಾಷ್ಟ್ರದವರಾದಿವಿ. ಗಡಿ ಬಂದರೂ ತುಳಸಿ ಲಗ್ನ ಎರಡೂ ಕಡೆ ನಿಲ್ಲಲಿಲ್ಲ. ಕಾರ್ತಿಕ ಏಕಾದಶಿಗೆ ಪಂಢರಪುರದ ವಾರಿ, ಮರುದಿನ ದ್ವಾದಶಿಯಿಂದ ಹುಣ್ಣಿಮೆ ತನಕ ತುಳಸಿ ಲಗ್ನ. ಕಟ್ಟಿಗೆ ಸುಣ್ಣ ಕೆಮ್ಮಣ್ಣು ಬಳದು, ಕಬ್ಬಿನ ಮಂಟಪ ಕಟ್ಟಿ, ನೆಲ್ಲಿ ಟೊಂಗಿ, ಹುಣಸಿಕಾಯಿ ಇಟ್ಟು ಅಕ್ಷತಿ ಹಾಕ್ತೇವಿ. ಮಂಗಳಾಷ್ಟಕ ಮರಾಠಿಯಾಗ, ಹೆಣ್ಣುಮಕ್ಕಳ ಹಾಡು ಕನ್ನಡದಾಗ. ಅದು ಮುಗದ ಮ್ಯಾಲೆ ಮನುಷ್ಯರ ಲಗ್ನದ ಮಾತು.

ಲಗ್ನ ಒಂದು ದಿನದ್ದು, ಜ್ವಾಕಿ ವರ್ಷದ್ದು. ನಮ್ಮವ್ವ ಅದನ್ನ ತಿಳದಾಕಿ. ತೆನಿ ಬಂತಂದ್ರ ಚಿವುಟತಿದ್ದಳು. ಬಿಟ್ಟರ ಗಿಡ ಬೀಜಕ್ಕ ಬಿದ್ದು ಲಗೂನ ಒಣಗತೈತಿ. ಒಂದೆರಡು ತೆನಿ ಅಷ್ಟ ಹಣ್ಣಾಗಾಕ ಬಿಟ್ಟು, ಆ ಬೀಜ ಅರಿವ್ಯಾಗ ಕಟ್ಟಿ ಇಡತಿದ್ದಳು. ತುಳಸಿ ಎರಡು ಮೂರು ವರ್ಷದ ಗಿಡ, ಹೊಸ ಸಸಿ ತಯಾರ ಇರಬೇಕು. ಥಂಡಿಯೊಳಗ ಎಲಿ ಉದುರಿದರ ನೀರು ಕಮ್ಮಿ ಮಾಡತಿದ್ದಳು. 1972ರ ಬರದಾಗ ನಮ್ಮ ಬಾವಿ ತಳ ಕಂಡಿತ್ತು. ಆಗ ಅಕ್ಕಿ ತೊಳದ ನೀರು ಹಾಕಿ ಗಿಡ ಉಳಿಸಿದಳು.

ಮುಂದ ಕಬ್ಬಿನ ರೊಕ್ಕ ಬಂತು. ನಾನು ಮಣ್ಣಿನ ಕಟ್ಟಿ ಕೆಡವಿ ಸಿಮೆಂಟಿನ ವೃಂದಾವನ ತಂದು ಇಟ್ಟೆ. ಎಷ್ಟು ಚಂದ! ಆದರ ತಳಕ್ಕ ತೂತು ಇರಲಿಲ್ಲ. ದಿನಾ ತಂಬಿಗಿ ನೀರು ಹಾಕಿ ಹಾಕಿ ಎರಡು ಗಿಡ ಬೇರು ಕೊಳತು ಸತ್ತವು. ಅವ್ವ ಅಂದಳು, “ನೀರು ಹಾಕೂದು ಎಲ್ಲಾರಿಗೂ ಬರತೈತಿ, ನೀರು ಹೋಗಾಕ ಹಾದಿ ಮಾಡೋ.” ಉಳಿಲೆ ತೂತು ಹೊಡದು, ಕೆಳಗ ಹೆಂಚಿನ ಚೂರು, ಮ್ಯಾಲೆ ಮಣ್ಣು, ಉಸುಕು, ಕೊಟ್ಟಿಗಿ ಗೊಬ್ಬರ ಹಾಕಿದೆ. ಗಿಡ ಹಿಡೀತು.

ನಮ್ಮ ಹೊಲಾನೂ ಹಂಗ ಆತು ನೋಡ್ರಿ. ಕಬ್ಬಿಗೆ ಮಿತಿ ಇಲ್ಲದ ನೀರು ಬಿಟ್ಟು ಶಿರೋಳ ತಾಲೂಕಿನ ಎಷ್ಟೋ ಕರಿ ಭೂಮಿ ಸವಳಾತು. ಈಗ ನೆಲದಡಿ ತೂತಿನ ಪೈಪು ಹಾಕಿ ನೀರು ಬಸಿಯಾಕ ಬಿಡತಾರ. ಅವ್ವನ ಮಾತು ಹೊಲಕ್ಕೂ ಸರಿ ಆತು.

2019ರ ಆಗಸ್ಟದಾಗ ಮಹಾಪೂರ ಬಂತು. ದನಾ ಬಿಡಿಸಿ ಹೊಡಕೊಂಡು ಹೊಂಟಿವಿ. ತಿರುಗಿ ಬಂದಾಗ ಕಟ್ಟಿ ನಿಂತಿತ್ತು, ಗಿಡ ಕೊಳತು ಕರ್ರಗಾಗಿತ್ತು. ಬೀಜದ ಗಂಟೂ ರಾಡಿಯಾಗ ಹೋಗಿತ್ತು. ಅವ್ವ ಅದಕ್ಕೂ ಮೊದಲ ತೀರಿಕೊಂಡಿದ್ದಳು. ಆಕಿ ಕೈಯಿಂದ ಬಂದದ್ದು ಇನ್ನ ಏನೂ ಉಳೀಲಿಲ್ಲ ಅಂತ ಕಟ್ಟಿ ಮುಂದ ಕುಂತು ಅತ್ತೆ.

ನಮ್ಮಕ್ಕನ್ನ ನದಿ ಆಚೆ, ಕರ್ನಾಟಕದ ಊರಿಗೆ ಕೊಟ್ಟೈತಿ. ಆಕಿ ಮನಿ ದಿಬ್ಬದ ಮ್ಯಾಲೆ. ಲಗ್ನದಾಗ ಅವ್ವ ಉಡಿಯಾಗ ಹಾಕಿದ್ದ ಬೀಜದ ವಂಶ ಅಲ್ಲಿ ಬದುಕಿತ್ತು. ರಸ್ತಾ ಬಿಟ್ಟ ಮ್ಯಾಲೆ ಅಕ್ಕ ಎರಡು ತೆನಿ ಸೆರಗಿನಾಗ ಕಟಗೊಂಡು ಬಂದಳು. ಒಡಕ ಗಡಗಿಯೊಳಗ ಬಿತ್ತಿದೆ. ಎಂಟ್ಹತ್ತು ದಿನಕ್ಕ ಮೊಳಕಿ ಬಂತು. ಆ ವರ್ಷದ ತುಳಸಿ ಲಗ್ನಕ್ಕ ಗೇಣುದ್ದ ಮದಲಗಿತ್ತಿ. ಹಾಡೂದರಾಗ ನನ್ನ ದನಿ ಎರಡು ಸಲ ಕಟ್ಟಿತು.

ಅವತ್ತಿನಿಂದ ಬೀಜ ನಾ ಒಬ್ಬನ ಇಟಗೊಳ್ಳೂದಿಲ್ಲ, ನಾಕು ಮನಿಗೆ ಕೊಡತೇನಿ. ಬೇಕಾದವರು ಬರ್ರಿ. ಆದರ ಮೊದಲ ನಿಮ್ಮ ಕಟ್ಟಿ ತಳಕ್ಕ ತೂತು ಐತೇನು ನೋಡಕೊಂಡು ಬರ್ರಿ.